ಜಾಲಿ ಕಟ್ಟಿಗೆಯಲ್ಲಿ ಚೆಸ್ ಕಾಯಿ: ನನ್ನ ಅನುಭವ

"ಜಾಲ್ಯಾಗ ಕುದ್ರಿ ಆಗೂದಿಲ್ಲ ಬಿಡೋ ತಮ್ಮಾ." ಗೋಕಾಕದಲ್ಲಿ ಈ ಮಾತು ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ಈಗ ಮೂರು ಸೆಟ್ ಮಾರಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮಾಡುವ ಗೋಕಾಕದ ಗೊಂಬೆಗೆ ಹಗುರ ಕಟ್ಟಿಗೆ ಸಾಕು. ಚೆಸ್ ಕಾಯಿಗೆ ತೂಕ ಬೇಕು. ಬಿಳಿಗೆ ಆಲೆಮರ ಸಿಕ್ಕಿತು, ಕಪ್ಪಿಗೆ ಬೀಟೆ ಕೊಳ್ಳುವ ತಾಕತ್ತಿರಲಿಲ್ಲ. ಹೊಲದ ಬದುವಿನ ಹಸಿ ಜಾಲಿ ಕಡಿಸಿ 16 ಕಾಯಿ ಲೇತ್‌ಗೆ, ಅಂದರೆ ಕಟ್ಟಿಗೆ ತಿರುಗಿಸಿ ಕಡೆಯುವ ಯಂತ್ರಕ್ಕೆ ಹಾಕಿದೆ. ಬೇಸಿಗೆ ಬಂತು, ಹತ್ತೋ ಹನ್ನೊಂದೋ ಸೀಳಿದವು. ಕೂಲಿ ಸೇರಿ ನಾಲ್ಕು ಸಾವಿರ ಹೋಯಿತು. ಆಮೇಲೆ ಒಬ್ಬ ರೈತರ ಹತ್ತಿರ ಜಾಲಿಯದೇ ಮುರಿದ ಚಕ್ಕಡಿ ಗಾಲಿ 1200 ರೂಪಾಯಿಗೆ ತಂದೆ. ಅವರಪ್ಪನ ಕಾಲದ್ದು, ಕಲ್ಲಿನ ಹಾಗೆ ಒಣಗಿತ್ತು. ಎರಡು ಕಾಯಿಗೊಮ್ಮೆ ಉಳಿ ಮಸೆಯಬೇಕು, ಆದರೆ ಒಂದೂ ಸೀಳಲಿಲ್ಲ.

ಕುದುರೆಯೇ ಕಷ್ಟ. ಉಳಿದ ಕಾಯಿ ಲೇತ್ ಮಾಡಿಕೊಡುತ್ತದೆ, ನಾಲ್ಕು ಕುದುರೆ ಮಾತ್ರ ಪೂರ್ತಿ ಕೈಕೆಲಸ. ನಾರು ಮೇಲಕ್ಕೆ ಇಟ್ಟರೆ ಕಿವಿ ಗಟ್ಟಿ, ಮೂತಿ ಅಡ್ಡ ನಾರಿಗೆ ಬಂದು ಟಕ್ ಅಂತ ಮುರಿಯುತ್ತದೆ. ಆರು ಮುರಿದ ಮೇಲೆ ಟೂರ್ನಮೆಂಟಿನಲ್ಲಿ ಆಡುವ ಸ್ಟೌಂಟನ್ ಮಾದರಿಯ ಕುದುರೆಯನ್ನು ಮತ್ತೆ ನೋಡಿದೆ. 1849ರಲ್ಲಿ ಲಂಡನ್ನಿನಲ್ಲಿ ನಥಾನಿಯಲ್ ಕುಕ್ ನೋಂದಾಯಿಸಿದ, ಜಾಕ್ಸ್ ಕಂಪನಿ ಮಾಡಿ ಮಾರಿದ ವಿನ್ಯಾಸ ಅದು. ಆಟಗಾರ ಹೋವರ್ಡ್ ಸ್ಟೌಂಟನ್ನರ ಹೆಸರಿಟ್ಟರು. ಕುದುರೆಗೆ ಗ್ರೀಸಿನ ಪಾರ್ಥೆನಾನ್ ಗುಡಿಯ ಕಲ್ಲಿನ ಕುದುರೆ ಮಾದರಿ ಎನ್ನುತ್ತಾರೆ. ಸ್ಟೌಂಟನ್ ಕುದುರೆ ಗದ್ದ ಎದೆಗೆ ಎಳೆದುಕೊಂಡು ನಿಂತಿದೆ. ಮೂತಿ ಹೊರಗೆ ಚಾಚಿಲ್ಲ, ಅಲ್ವಾ? ನಾನೂ ಹಾಗೇ ಕೆತ್ತಿದೆ. ಆಮೇಲೆ ಒಂದೇ ಮುರಿಯಿತು.

ಬಣ್ಣಕ್ಕೆ ಅಂಗಡಿ ಕಪ್ಪು ಬಳಿದ ಮೊದಲ ಸೆಟ್ ಆಡಿದವರ ಬೆರಳಿಗೆ ಹತ್ತಿತು, ದುಡ್ಡು ವಾಪಸ್ ಕೊಟ್ಟೆ. ಬಟ್ಟೆ ಮೇಲೆ ಚಿತ್ರ ಬರೆಯುವ ಕಲಂಕಾರಿಯವರು ಬೆಲ್ಲದ ನೀರಲ್ಲಿ ತುಕ್ಕು ಕಬ್ಬಿಣ ಕೊಳೆ ಹಾಕಿ ಕಪ್ಪು ಮಾಡುತ್ತಾರೆ. ನಾನು ಮಹಾಲಿಂಗಪುರದ ಬೆಲ್ಲ, ಹಳೇ ಮೊಳೆ ಹಾಕಿ ಮೂರು ವಾರ ಬಿಟ್ಟೆ. ಮೊದಲು ಜಾಲಿ ತೊಗಟೆಯ ಕಷಾಯ ಹಚ್ಚಬೇಕು, ಆಮೇಲೆ ಈ ನೀರು. ತೊಗಟೆಯ ಒಗರು ಕಬ್ಬಿಣಕ್ಕೆ ಸೇರಿ ಕಟ್ಟಿಗೆಯೊಳಗೇ ಕಪ್ಪಾಗುತ್ತದೆ, ಒರೆಸಿದರೂ ಹೋಗಲ್ಲ. ಬೆಲ್ಲ ಎಷ್ಟು, ಕೊನೆಗೆ ಏನು ತಿಕ್ಕುತ್ತೇನೆ ಎನ್ನುವುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಆಸೆಯಾಯಿತು. ನಾವು ಕೋಟೆ ಕಾಯಿಯನ್ನು ಆನೆ ಎನ್ನುತ್ತೇವೆ, ಪಾದ್ರಿ ಟೋಪಿಯ ಕಾಯಿಯನ್ನು ಒಂಟೆ. ನಿಜವಾದ ಆನೆ, ಒಂಟೆಯನ್ನೇ ಕೆತ್ತಿದೆ. ಸೊಂಡಿಲನ್ನೂ ಎದೆಗೆ ಅಂಟಿಸಿದೆ, ನಿಂತಿತು. ಮನೆಯಲ್ಲಿ ಎಲ್ಲರೂ ಮೆಚ್ಚಿದರು. ಟೂರ್ನಮೆಂಟ್ ಹುಡುಗರು ಮಾತ್ರ ಗಡಿಯಾರ ಇಟ್ಟು ಆಡುವಾಗ ಗುರುತು ಸಿಗಲ್ಲ ಎಂದು ತಿರುಗಿಸಿ ಕೊಟ್ಟರು. ಅವರಿಗೆ ರಾಜ ಸುಮಾರು ಒಂಬತ್ತೂವರೆ ಸೆಂಟಿಮೀಟರ್, ಸ್ಟೌಂಟನ್ನೇ ಬೇಕು.

ಒಟ್ಟು ಹದಿನಾಲ್ಕು ಸಾವಿರದಷ್ಟು ಕೈಬಿಟ್ಟಿತ್ತು. ಸೆಟ್ ಒಂದಕ್ಕೆ ಆರೂವರೆ ಸಾವಿರ ಬಂತು. ಈಗ ಇನ್ನೆರಡು ಚಕ್ಕಡಿ ಗಾಲಿ ಹುಡುಕುತ್ತಿದ್ದೇನೆ.