ಆನ್‌ಲೈನ್‌ನಲ್ಲಿ ಕೌನ್ಸೆಲರ್ ಹುಡುಕಿದ ನನ್ನ ಅನುಭವ

ಆರು ತಿಂಗಳಿಂದ ನಿದ್ದೆ ಕೆಟ್ಟಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರ, ಎದೆ ಡವಡವ, ಆಮೇಲೆ ಬೆಳಗಾಗುವ ತನಕ ಸುಮ್ನೆ ಹೊರಳಾಟ. ಮೊದಲು ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಜಾಸ್ತಿಯಾದರೂ ಇದೇ ರೀತಿ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ನನ್ನದು ಎಲ್ಲ ಸರಿಯಾಗಿತ್ತು. ಹಾಗಾದರೆ ಇದು ಮನಸ್ಸಿನದೇ ಅಂತ ಒಪ್ಪಿಕೊಂಡು ಕೌನ್ಸೆಲರ್ ಹುಡುಕಲು ಕೂತೆ.

ಮೊದಲನೆಯವರನ್ನು ಫೋಟೋ ಮತ್ತು ಸ್ಟಾರ್ ನೋಡಿ ಆರಿಸಿದೆ. ಅದು ತಪ್ಪಾಯಿತು. ನಾನು ಮಾತು ಶುರು ಮಾಡಿ ಹತ್ತು ನಿಮಿಷ ಆಗಿರಲಿಲ್ಲ, ಆಗಲೇ ಸಲಹೆ ಬಂತು: ಪಾಸಿಟಿವ್ ಆಗಿ ಯೋಚಿಸಿ, ಬೇಗ ಮಲಗಿ. ಆ ಕಡೆಯಿಂದ ಕೀಬೋರ್ಡ್ ಸದ್ದು ಬೇರೆ. ಆದರೂ ನಾಲ್ಕು ಸೆಷನ್ ಹೋದೆ, ಯಾಕೆಂದರೆ ಬೇಡ ಅನ್ನೋಕೆ ಮುಜುಗರ. ಈ ಮುಜುಗರದಿಂದಲೇ ಎಷ್ಟೋ ಜನ ಥೆರಪಿ ಅಂದರೆ ಇಷ್ಟೇ ಅಂದುಕೊಂಡು ಅರ್ಧಕ್ಕೆ ಬಿಟ್ಟುಬಿಡುತ್ತಾರೆ ಅನ್ನಿಸುತ್ತದೆ. ನನಗೆ ಅದೇ ತುಂಬಾ ಬೇಜಾರಿನ ವಿಷಯ.

ಎರಡನೇ ಸಲ ಹುಡುಕುವಾಗ ಸ್ವಲ್ಪ ಓದಿಕೊಂಡೆ. ಸೈಕಿಯಾಟ್ರಿಸ್ಟ್ ಅಂದರೆ ಡಾಕ್ಟರ್, ಔಷಧ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮನಸ್ಸಿನ ಪರೀಕ್ಷೆ ಮತ್ತು ಥೆರಪಿಯಲ್ಲಿ ತರಬೇತಿ ಪಡೆದವರು. ಕೌನ್ಸೆಲರ್ ಅನ್ನುವ ಹೆಸರು ಮಾತ್ರ ಎಷ್ಟೋ ಕಡೆ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಾಗಾಗಿ ಏನು ಓದಿದ್ದಾರೆ, ಎಲ್ಲಿ ನೋಂದಣಿ ಆಗಿದೆ ಅಂತ ಕೇಳಲೇಬೇಕು. ನಂಬರ್ ಕೊಟ್ಟರೆ ಆ ಸಂಸ್ಥೆಯ ಪಟ್ಟಿಯಲ್ಲಿ ನೀವೇ ನೋಡಿ. ಇನ್ನೊಂದು, ಕೆಲವು ಕಡೆ ಲೈಸೆನ್ಸ್ ಒಂದು ರಾಜ್ಯಕ್ಕೋ ದೇಶಕ್ಕೋ ಮಾತ್ರ ಸೀಮಿತ, ಆದ್ದರಿಂದ ನೀವಿರುವ ಜಾಗದವರನ್ನು ಅವರು ನೋಡಬಹುದಾ ಅಂತಲೂ ಕೇಳಿ.

ಈ ಎರಡನೆಯವರು ಚೆನ್ನಾಗಿ ಓದಿದವರು, ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಆದರೆ ಮಾತುಕತೆ ಪೂರ್ತಿ ಇಂಗ್ಲಿಷ್‌ನಲ್ಲಿ. ಕಸಿವಿಸಿ ಅನ್ನೋದನ್ನ, ಫೋನ್ ರಿಂಗಾದ ಕೂಡಲೇ ಎದೆ ಧಸಕ್ ಅನ್ನೋದನ್ನ ನಾನು ಅಲ್ಲಿ ಹೇಳಲು ಆಗಲಿಲ್ಲ. ಹೇಳಬೇಕಾದ್ದು ಬಿಟ್ಟು, ಹೇಳೋಕೆ ಬರುವುದನ್ನಷ್ಟೇ ಹೇಳುತ್ತಿದ್ದೆ. ಮೂರನೇ ವಾರಕ್ಕೆ ವಿಷಯ ತಿಳಿಸಿ ನಿಲ್ಲಿಸಿದೆ, ಅವರು ಬೇಸರ ಮಾಡಿಕೊಳ್ಳಲಿಲ್ಲ.

ಮೂರನೆಯವರ ಜೊತೆ ಮೊದಲು ಹದಿನೈದು ನಿಮಿಷದ ಪರಿಚಯದ ಕರೆ. ಈ ಸಲ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಕೂತಿದ್ದೆ. ಆತಂಕ, ನಿದ್ದೆಯ ತೊಂದರೆ ಇರುವವರ ಜೊತೆ ಕೆಲಸ ಮಾಡಿದ್ದೀರಾ? ಯಾವ ವಿಧಾನ? ನಿಮಗೆ ಮಾರ್ಗದರ್ಶನ ಮಾಡುವ ಹಿರಿಯರು ಇದ್ದಾರಾ? ಸೆಷನ್ ರೆಕಾರ್ಡ್ ಆಗುತ್ತದಾ? ನಾನು ಹೇಳಿದ್ದು ಯಾವಾಗ ಹೊರಗೆ ಹೋಗುತ್ತದೆ? ಕೊನೆಯದಕ್ಕೆ ಅವರು ತಡವರಿಸದೆ ಹೇಳಿದರು: ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ, ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಕೋರ್ಟ್ ಆದೇಶ ಬಂದರೆ. ಆಮೇಲೆ ನನ್ನ ವಿಳಾಸ, ಮನೆಯವರೊಬ್ಬರ ನಂಬರ್ ಕೇಳಿದರು. ಯಾಕೆ ಅಂತ ನನಗೆ ಅನುಮಾನ. ಕರೆಯ ಮಧ್ಯೆ ಏನಾದರೂ ಆದರೆ ಎದುರಿಗಿಲ್ಲದ ಅವರು ಯಾರನ್ನಾದರೂ ಕಳಿಸಬೇಕಲ್ವಾ, ಅದಕ್ಕೆ. ಕೇಳದವರೇ ಚಿಂತೆಯ ವಿಷಯ.

ಇಲ್ಲೇ ಹೇಳಿಬಿಡುತ್ತೇನೆ, ಸಾಯುವ ಯೋಚನೆ ಬರುತ್ತಿದ್ದರೆ ದಯವಿಟ್ಟು ಹೀಗೆ ಹುಡುಕುತ್ತಾ ಕೂರಬೇಡಿ. ಇವತ್ತೇ ಹತ್ತಿರದವರಿಗೆ ಹೇಳಿ, ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ಸೀದಾ ಆಸ್ಪತ್ರೆಗೆ ಹೋಗಿ.

ನನ್ನನ್ನು ಒಪ್ಪಿಸಿದ್ದು ಆ ಮೂರನೆಯವರು ಕೇಳಿದ ಒಂದು ಪ್ರಶ್ನೆ. ಹಿಂದಿನ ಆ ನಾಲ್ಕು ಸೆಷನ್ ಕಥೆ ಹೇಳಿದಾಗ, "ನಾಳೆ ನನ್ನ ರೀತಿಯೂ ನಿಮಗೆ ಹಿಡಿಸದಿದ್ದರೆ ನನಗೆ ಹೇಗೆ ತಿಳಿಸುತ್ತೀರಿ?" ಅಂದರು. 1979ರಲ್ಲಿ ಎಡ್ವರ್ಡ್ ಬಾರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞರು ಥೆರಪಿಯ ಸಂಬಂಧಕ್ಕೆ ಮೂರು ಅಂಶ ಹೇಳಿದ್ದರು: ಗುರಿ ಏನು, ಅದಕ್ಕೆ ಮಾಡುವ ಕೆಲಸ ಏನು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ, ಮತ್ತೆ ನಡುವಿನ ನಂಟು. ಮೂರು ಸೆಷನ್ ಆದ ಮೇಲೆ ನಾನು ಈ ಮೂರನ್ನೇ ಇಟ್ಟು ನೋಡಿದೆ.

ಶುರುವಿನಲ್ಲಿ ಅವರು ಜಿಎಡಿ-7 ಅನ್ನುವ, ಆತಂಕ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ ತುಂಬಿಸಿದರು, ಏಳು ಪ್ರಶ್ನೆ, ಒಟ್ಟು 21 ಅಂಕ, ಅಂಕ ಜಾಸ್ತಿಯಾದಷ್ಟೂ ಆತಂಕ ಜಾಸ್ತಿ. ನನ್ನದು 14 ಬಂತು. ಎಂಟು ವಾರದ ನಂತರ 7. ನಡುವೆ ದಿನಾ ನಿದ್ದೆಯ ಡೈರಿ ಬರೆಯುವುದು, ನಿದ್ದೆ ಬರದಿದ್ದರೆ ಹಾಸಿಗೆಯಿಂದ ಎದ್ದು ಬರುವುದು, ಇವೆಲ್ಲ ಇತ್ತು. ಬಾಗಿಲ ಹೊರಗೆ ಒಂದು ಫ್ಯಾನ್ ಹಾಕಿ, ಹೆಡ್‌ಫೋನ್ ಇಟ್ಟುಕೊಂಡು ಮಾತಾಡುತ್ತಿದ್ದೆ, ಮನೆಯಲ್ಲಿ ಯಾರಿಗಾದರೂ ಕೇಳಿಸುತ್ತದೆ ಅನ್ನುವ ಭಯ ಇದ್ದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ.

ಆರನೇ ಸೆಷನ್‌ನಲ್ಲಿ ಒಂದು ಉಸಿರಾಟದ ಅಭ್ಯಾಸ ಕೊಟ್ಟರು. ಮಾಡಿದರೆ ಎದೆ ಇನ್ನೂ ಬಿಗಿಯುತ್ತಿತ್ತು. ಮುಂದಿನ ವಾರ ಕ್ಯಾಮೆರಾ ಆನ್ ಆದ ತಕ್ಷಣ, "ಮೇಡಂ, ಇದು ನನಗೆ ಆಗ್ತಿಲ್ಲ" ಅಂದೆ. "ಹೇಳಿದ್ದು ಒಳ್ಳೇದಾಯ್ತು, ಬಿಡೋಣ" ಅಂದರು, ಆವತ್ತಿನ ಸೆಷನ್ ಅಲ್ಲಿಂದಲೇ ಶುರುವಾಯಿತು.