ಕೆರೆಯ ಆಳದಲ್ಲಿ ತಂಪು ಎಷ್ಟಿದೆ? ಹಗ್ಗ, ಮೇಣ, ಥರ್ಮಾಮೀಟರ್ ಹಿಡಿದು ನೋಡುವುದು ಹೀಗೆ

ಏಪ್ರಿಲ್‌ನಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟಿದರೆ ನಾವು ಕೂಲರ್ ಹಾಕಿಕೊಳ್ಳುತ್ತೇವೆ, ಇಲ್ಲಾ ಮಹಾಬಳೇಶ್ವರಕ್ಕೆ ಹೊರಡುತ್ತೇವೆ. ಕೆರೆಯ ಮೀನಿಗೆ ಇರುವುದು ಒಂದೇ ದಾರಿ, ಕೆಳಕ್ಕೆ ಇಳಿಯುವುದು. ಆದರೆ ಕೆಳಗೆ ತಂಪಿದ್ದರೆ ಸಾಲದು, ಆಕ್ಸಿಜನ್ ಕೂಡ ಇರಬೇಕು. ಎಷ್ಟೋ ಕೆರೆಗಳಲ್ಲಿ ಬೇಸಿಗೆಗೆ ಎರಡೂ ಒಂದೇ ಕಡೆ ಸಿಗುವುದಿಲ್ಲ. ತಣ್ಣೀರಿನ ಮೀನು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಮಹಾರಾಷ್ಟ್ರದಲ್ಲಿ ತಣ್ಣೀರಿನ ಮೀನು ಎಲ್ಲಿಂದ ಬಂತು ಅಂತ ಕೇಳಬೇಡಿ. ಶೃಂಗೇರಿಯ ತುಂಗೆಯಲ್ಲಿ ಮೆಟ್ಟಿಲ ಪಕ್ಕಕ್ಕೇ ಬಂದು ಮಂಡಕ್ಕಿ ತಿನ್ನುವ ದೊಡ್ಡ ಮೀನು ನೋಡಿದ್ದೀರಲ್ವಾ? ಅಲ್ಲಿ ಮಹಶೀರ್ ಕೂಡ ಇವೆ. ಅದೇ ಬಳಗದ ಟಾರ್ ಖುದ್ರೀ ಮೀನನ್ನು 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವಿವರಿಸಿದ್ದು ನಮ್ಮ ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿಯೇ. ಈಗ ಸಂಗಮದ ಸೇತುವೆ ಮೇಲೆ ಮೂಗು ಮುಚ್ಚಿಕೊಂಡು ಹೋಗುವವರು ಇದನ್ನು ನಂಬುವುದು ಕಷ್ಟ. ಲೋಣಾವಳಾದಲ್ಲಿ ಟಾಟಾ ಪವರ್ 1970ರ ದಶಕದಿಂದ ಈ ಮೀನಿನ ಮರಿ ಮಾಡಿಸುತ್ತಿದೆ. ಇದಕ್ಕೆ ಕಾಶ್ಮೀರ, ನೀಲಗಿರಿಯ ಟ್ರೌಟ್‌ನಷ್ಟು ಚಳಿ ಬೇಡ. ಆಕ್ಸಿಜನ್ ಚೆನ್ನಾಗಿರುವ ನೀರು ಮಾತ್ರ ಬೇಕೇ ಬೇಕು. ಟ್ರೌಟ್ ಇನ್ನೂ ನಾಜೂಕು. ನೀರು 20 ಡಿಗ್ರಿ ದಾಟಿದರೆ ಸೊರಗುತ್ತದೆ, 25ರ ಸುತ್ತಮುತ್ತ ಜೀವಕ್ಕೇ ಕುತ್ತು.

ಕಾರಣ ಸರಳ. 10 ಡಿಗ್ರಿಯ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ 11.3 ಮಿಲಿಗ್ರಾಂ ಆಕ್ಸಿಜನ್ ಕರಗಿಸಿಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಅದು 7.6ಕ್ಕೆ ಇಳಿಯುತ್ತದೆ. ಮೀನಿನ ಮೈ ಬಿಸಿ ನೀರಿನ ಜೊತೆಗೇ ಏರುತ್ತದೆ. 10 ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಕ್ಸಿಜನ್ ಸುಮಾರು ಎರಡು ಪಟ್ಟಾಗುತ್ತದೆ. ಬೇಕಾಗುವುದು ಜಾಸ್ತಿ, ಸಿಗುವುದು ಕಡಿಮೆ.

ಮೊದಲು ಮನೆಯಲ್ಲೇ ಮಾಡಿ. ಗಾಜಿನ ಲೋಟದಲ್ಲಿ ಅರ್ಧದಷ್ಟು ಫ್ರಿಜ್ ನೀರು ಹಾಕಿ. ಬಿಸಿ ನೀರಿಗೆ ನಾಲ್ಕು ಹನಿ ಬೀಟ್‌ರೂಟ್ ರಸ ಬೆರೆಸಿ, ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಸುರಿಯಿರಿ. ಕೆಂಪು ಮೇಲೇ ನಿಲ್ಲುತ್ತದೆ. ಈಗ ಬಾಯಿಂದ ಊದಿ. ಮೇಲಿನ ನೀರು ಅಲ್ಲಾಡುತ್ತದೆ, ತಳದ್ದು ಹಂದುವುದಿಲ್ಲ. ಬೇಸಿಗೆಯಲ್ಲಿ ಆಳದ ಕೆರೆ ಹೀಗೇ ಪದರ ಕಟ್ಟುತ್ತದೆ. ಗಾಳಿಯಿಂದ ಬಂದ ಆಕ್ಸಿಜನ್ ಮೇಲೇ ಉಳಿಯುತ್ತದೆ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿದ್ದಷ್ಟನ್ನೂ ತಿಂದು ಮುಗಿಸುತ್ತವೆ.

ಇನ್ನು ಕೆರೆಗೆ. ಪುಣೆಯ ಪಾಷಾಣ್ ಕೆರೆಯಂಥ ಹೂಳು ತುಂಬಿದ ಕಡೆ ಪದರ ಹುಡುಕುವುದು ಸುಮ್ನೆ ಶ್ರಮ. ಆಳ ಬೇಕು. ಪವನಾ ಅಣೆಕಟ್ಟಿನ ಹಿನ್ನೀರಿನಂಥ ಜಾಗದಲ್ಲಿ, ಅನುಮತಿ ಕೇಳಿ, ಲೈಫ್ ಜಾಕೆಟ್ ಹಾಕಿಕೊಂಡು, ನೀರು ಬಲ್ಲ ಅಂಬಿಗರ ಜೊತೆ ದೋಣಿಯಲ್ಲೇ ಹೋಗಿ.

ಜ್ವರ ನೋಡುವ ಥರ್ಮಾಮೀಟರ್ ನಡೆಯದು, ಗಾಜಿನದ್ದು 35 ಡಿಗ್ರಿಯಿಂದಲೇ ಶುರು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕೆಂಪು ಗೆರೆಯದ್ದು ತನ್ನಿ. ಪಾದರಸದ್ದು ಬೇಡ, ಒಡೆದರೆ ನೀರಿಗೆ ವಿಷ. ಇದರಲ್ಲೂ ಒಂದು ತೊಂದರೆ ಇದೆ. ಎಂಟು ಮೀಟರ್ ಆಳದಿಂದ ಎಳೆದು ತರುವಷ್ಟರಲ್ಲಿ ಮೇಲಿನ ಬಿಸಿ ನೀರು ತಾಗಿ ಅಂಕಿ ಏರಿಬಿಡುತ್ತದೆ. ಅದಕ್ಕೇ ತುದಿಯ ಬುರುಡೆಗೆ ಮೇಣದಬತ್ತಿಯ ಮೇಣ ಮೆತ್ತಬೇಕು. ಕರಗಿದ ಮೇಣಕ್ಕೆ ಅದ್ದಬೇಡಿ, ಕೆಲವು ಥರ್ಮಾಮೀಟರ್ ಆ ಬಿಸಿಗೆ ಒಡೆಯುತ್ತವೆ. ಮೇಣವನ್ನು ಬೆರಳಲ್ಲಿ ನಾದಿ, ಕಡಲೆಕಾಳಿನ ದಪ್ಪಕ್ಕೆ ಸುತ್ತಿ. ಈಗ ಅದು ನಿಧಾನಕ್ಕೆ ತಣಿಯುತ್ತದೆ, ನಿಧಾನಕ್ಕೆ ಬಿಸಿಯಾಗುತ್ತದೆ. ಗಾಜು ಒಡೆಯದಂತೆ ತೂತು ಕೊರೆದ ಪಿವಿಸಿ ಪೈಪಿನ ತುಂಡಿನಲ್ಲಿ ಕಟ್ಟಿ, ಕೆಳಗೆ ಒಂದು ಕಿಲೋ ತೂಕದ ಕಬ್ಬಿಣ ತೂಗುಹಾಕಿ.

ಹಗ್ಗಕ್ಕೆ ಮೀಟರಿಗೊಂದು ಗಂಟು. ಪ್ರತಿ ಗಂಟಿಗೂ ಇಳಿಸಿ ಕಾಲು ಗಂಟೆ ಕಾಯಿರಿ. ಸರ್ರನೆ ಎಳೆದು, ಬಿಸಿಲಿಗೆ ಬೆನ್ನು ಮಾಡಿ, ತಕ್ಷಣ ಓದಿ. ಹೊತ್ತು ಹಿಡಿಯುತ್ತದೆ, ಚುರುಮುರಿ ಕಟ್ಟಿಕೊಂಡು ಹೋಗಿ.

ಒಂದು ಮೀಟರಿಗೆ ಒಂದು ಡಿಗ್ರಿ ಇಳಿದರೆ ಪದರದ ಗಡಿ ಸಿಕ್ಕಿತು ಅಂತ ತಣ್ಣನೆ ದೇಶಗಳ ಲೆಕ್ಕ. ನಮ್ಮಲ್ಲಿ ಅರ್ಧ ಡಿಗ್ರಿಯನ್ನೂ ಬಿಡಬೇಡಿ. 29ರಿಂದ 30 ಡಿಗ್ರಿಗೆ ಹೋದಾಗ ನೀರು ಹಗುರಾಗುವುದು, 10ರಿಂದ 11ಕ್ಕೆ ಹೋದಾಗಿನ ಮೂರು ಪಟ್ಟು. ಬಿಸಿ ನಾಡಿನ ಕೆರೆಗೆ ಪದರ ಕಟ್ಟಲು ಸ್ವಲ್ಪವೇ ವ್ಯತ್ಯಾಸ ಸಾಕು.

ಆಕ್ಸಿಜನ್‌ಗೆ ಅಕ್ವೇರಿಯಂ ಅಂಗಡಿಯ ಕಿಟ್ ಇದೆ. ಟ್ರೌಟ್‌ಗಾದರೆ ಲೀಟರಿಗೆ 5–6 ಮಿಲಿಗ್ರಾಂಗಿಂತ ಕೆಳಗಿಳಿದರೆ ಕಷ್ಟ. ಎಳೆದ ಕಬ್ಬಿಣಕ್ಕೆ ಅಂಟಿದ ಕೆಸರು ಕೊಳೆತ ಮೊಟ್ಟೆ ನಾತ ಹೊಡೆದರೆ ಕಿಟ್ಟೂ ಬೇಡ, ತಳದಲ್ಲಿ ಆಕ್ಸಿಜನ್ ತೀರಿದೆ.

ಇದು ನಮ್ಮೂರಿನ ಪಾಡಷ್ಟೇ ಅಲ್ಲ. 2021ರಲ್ಲಿ ಸಮಶೀತೋಷ್ಣ ದೇಶಗಳ 393 ಕೆರೆಗಳ ಅಧ್ಯಯನ ಬಂತು. 1980ರಿಂದೀಚೆಗೆ ಅವುಗಳ ಆಳದ ನೀರಿನಲ್ಲಿ ಆಕ್ಸಿಜನ್ ಶೇ 18.6ರಷ್ಟು ಕುಸಿದಿದೆ, ಮೇಲ್ಪದರದಲ್ಲಿ ಶೇ 5.5. ಮೇಲೆ ಬಿಸಿ ಜಾಸ್ತಿಯಾದಷ್ಟೂ ಪದರ ಗಟ್ಟಿ, ಬೆರೆಯುವ ದಿನಗಳೂ ಕಡಿಮೆ. ನಡುವೆ ಮೀನಿಗೆ ಉಳಿಯುವ ಜಾಗ ಎರಡೂ ಕಡೆಯಿಂದ ಕಿರಿದಾಗುತ್ತದೆ.

ಏಪ್ರಿಲ್‌ನಲ್ಲಿ ಗಂಟುಗಂಟಿಗೂ ಓದಿದ ಅಂಕಿಗಳನ್ನು ಪಟ್ಟಿ ಮಾಡಿ ಎತ್ತಿಡಿ. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಜನವರಿಯ ಚಳಿಯಲ್ಲಿ ಇನ್ನೊಮ್ಮೆ ಹೋಗಿ. ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿದಿದ್ದರೆ ಎಲ್ಲ ಗಂಟುಗಳಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಬರದಿದ್ದರೆ ಕೆರೆ ಆ ವರ್ಷ ಇನ್ನೂ ಬೆರೆತಿಲ್ಲ. ಫೆಬ್ರವರಿ ಮೊದಲ ವಾರ ಮತ್ತೆ ನೋಡಿ.