ದುಃಖಾಂತ ಅನುವಾದಿತ ಕಾದಂಬರಿಗೆ ಪ್ರತಿಕ್ರಿಯೆ ಬರೆಯುವ ಬಗೆ

ದುಃಖಾಂತ ಕಾದಂಬರಿಯೊಂದನ್ನು ಓದಿ ಮುಗಿಸಿದ ಕೂಡಲೇ ಬರೆಯಲು ಕುಳಿತರೆ, ಕಣ್ಣು ತುಂಬಿ ಬಂತು, ಮನಸ್ಸು ಭಾರವಾಯಿತು ಎಂಬುದರಾಚೆಗೆ ಲೇಖನಿ ಸಾಗುವುದಿಲ್ಲ. ಆ ಮಾತು ನಿಜವೇ ಆದರೂ ಪುಸ್ತಕವನ್ನು ಇನ್ನೂ ಓದದವರಿಗೆ ಅದರಿಂದ ತಿಳಿಯುವುದು ಅಲ್ಪ. ನಾಲ್ಕಾರು ದಿನ ಕಳೆಯಲಿ. ಆಮೇಲೆ, ನಿಮ್ಮನ್ನು ಅಳಿಸಿದ ಪುಟದಿಂದ ಹಿಂದಕ್ಕೆ ಹೋಗುತ್ತಾ, ಆ ದುಃಖ ಮೊದಲು ಎಲ್ಲಿ ಮೊಳೆಯಿತು ಎಂಬುದನ್ನು ಹುಡುಕಿ ಗುರುತು ಮಾಡಿಕೊಳ್ಳಿ.

ತಕಳಿ ಶಿವಶಂಕರ ಪಿಳ್ಳೈ ಅವರ ಮಲಯಾಳಂ ಕಾದಂಬರಿ 'ಚೆಮ್ಮೀನ್' ಅನ್ನೇ ನೋಡೋಣ. 1956ರಲ್ಲಿ ಪ್ರಕಟವಾಗಿ, ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು, ಮೀನುಗಾರನ ಮಗಳು ಕರುತ್ತಮ್ಮ ಮತ್ತು ಮುಸ್ಲಿಂ ವ್ಯಾಪಾರಿ ಪರೀಕುಟ್ಟಿಯ ಕೈಗೂಡದ ಪ್ರೇಮದ ಕಥೆಯೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರೇ ಹೆಚ್ಚು. ಆದರೆ ಹಿಂದಕ್ಕೆ ಹುಡುಕುತ್ತಾ ಹೋದರೆ ನಮಗೆ ಸಿಗುವುದು ಒಂದು ಸಾಲ. ಸ್ವಂತ ದೋಣಿ, ಬಲೆ ಮಾಡಿಕೊಳ್ಳಬೇಕೆಂಬ ಹಟದಿಂದ ಕರುತ್ತಮ್ಮಳ ತಂದೆ ಚೆಂಬನ್‌ಕುಂಜು, ಮೀನು ನಿನಗೇ ಕೊಡುತ್ತೇನೆಂಬ ಮಾತಿನ ಮೇಲೆ ಪರೀಕುಟ್ಟಿಯಿಂದ ಹಣ ಪಡೆಯುತ್ತಾನೆ. ದೋಣಿ ತುಂಬಿ ದಡಕ್ಕೆ ಬಂದಾಗ ಅದೇ ಪರೀಕುಟ್ಟಿಯನ್ನು ಕೈಯಲ್ಲಿ ರೊಕ್ಕವಿದೆಯೇ ಎಂದು ಕೇಳುತ್ತಾನೆ. ದಲಾಲಿ ಅಂಗಡಿಯಲ್ಲಿ ಮುಂಗಡ ತಂದು, ಮೆಕ್ಕೆಜೋಳ ಬಂದ ಮೇಲೆ ಅಲ್ಲಿಯೇ ಮಾಲು ಹಾಕುವ ವಾಡಿಕೆ ಬಲ್ಲ ದಾವಣಗೆರೆ ಸೀಮೆಯ ಓದುಗರಿಗೆ ಈ ದೃಶ್ಯದ ಕ್ರೌರ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂತಹ ಕಡೆ ನಿಮ್ಮ ಊರಿನ ಅನುಭವವನ್ನು ಧೈರ್ಯವಾಗಿ ಬರೆಯಿರಿ, ಏಕೆಂದರೆ ಬೇರೆ ಊರಿನ ವಿಮರ್ಶಕರ ಕಣ್ಣಿಗೆ ಬೀಳದ್ದು ನಿಮಗೆ ಕಂಡಿರುವುದು ಇಲ್ಲಿಯೇ.

ಊರಿನ ಅನುಭವಕ್ಕೆ ನಿಲುಕದ ಸಂಗತಿಗಳೂ ಇರುತ್ತವೆ. ಕಡಲಿಗೆ ಹೋದ ಗಂಡನ ಜೀವ ದಡದಲ್ಲಿರುವ ಹೆಂಡತಿಯ ಶೀಲದ ಮೇಲೆ ನಿಂತಿದೆ ಎಂಬ ನಂಬಿಕೆ ಈ ಕಥೆಯ ಬೆನ್ನೆಲುಬು. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ, ಆ ನಂಬಿಕೆ ಕಾದಂಬರಿಯೊಳಗೆ ಯಾರ ಬಾಯಲ್ಲಿ ಬರುತ್ತದೆ, ಯಾರನ್ನು ಕಟ್ಟಿಹಾಕುತ್ತದೆ ಎಂಬುದನ್ನು ನೋಡಿ. ತಾಯಿ ಚಕ್ಕಿಯೇ ಮಗಳಿಗೆ ಅದನ್ನು ಬೋಧಿಸುತ್ತಾಳೆ ಎಂಬುದು ನನಗಂತೂ ಅಂತ್ಯದ ಸಾವುಗಳಿಗಿಂತ ಹೆಚ್ಚು ನೋವು ತಂದ ಸಂಗತಿ.

ಅನುವಾದದ ಕುರಿತು ಬರೆಯಲು ಮೂಲಭಾಷೆ ಬಲ್ಲವರೇ ಆಗಬೇಕೆಂದಿಲ್ಲ. ಪಾತ್ರಗಳ ಜಗಳ ಕನ್ನಡದಲ್ಲಿ ಜಗಳದಂತೆಯೇ ಕೇಳುತ್ತದೆಯೇ, ಬಡ ಮೀನುಗಾರನೂ ಕಥೆಗಾರನೂ ಒಂದೇ ಗ್ರಾಂಥಿಕ ಭಾಷೆ ಆಡುತ್ತಾರೆಯೇ ಎಂಬುದನ್ನು ಒಂದೆರಡು ಪುಟ ಗಟ್ಟಿಯಾಗಿ ಓದಿದರೆ ತಿಳಿಯುತ್ತದೆ. ಮೂಲಕ್ಕೆ ನಿಷ್ಠವಾಗಿದೆ ಎಂಬ ತೀರ್ಪನ್ನು ಮಾತ್ರ ಎರಡೂ ಭಾಷೆ ಬಲ್ಲವರಿಗೆ ಬಿಡಿ. ಅನುವಾದಕರ ಹೆಸರನ್ನು ಮೂಲ ಲೇಖಕರ ಹೆಸರಿನ ಜೊತೆಗೇ, ಮೊದಲ ಪ್ಯಾರಾದಲ್ಲಿಯೇ ಬರೆಯಿರಿ.

ರಾಮು ಕಾರ್ಯಾಟ್ ನಿರ್ದೇಶನದಲ್ಲಿ 1965ರಲ್ಲಿ ತೆರೆಕಂಡ 'ಚೆಮ್ಮೀನ್' ಸಿನಿಮಾವನ್ನು ನೋಡಿದ್ದರೆ, ಅದರ ನೆನಪು ಪುಸ್ತಕದ ವಿವರಗಳೊಂದಿಗೆ ಬೆರೆಯದಂತೆ ಎಚ್ಚರ ವಹಿಸಬೇಕು.

ಅಂತ್ಯವನ್ನು ಹೇಳಬೇಕೇ ಬೇಡವೇ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ. ಅಂತ್ಯ ಒಪ್ಪಿಗೆಯಾಯಿತೇ ಎಂದು ಚರ್ಚಿಸುವುದಾದರೆ ಅದನ್ನು ಹೇಳಲೇಬೇಕು. ಹಾಗೆ ಹೇಳುವ ಮುನ್ನ ಒಂದು ಸಾಲಿನ ಸೂಚನೆ ಕೊಟ್ಟರೆ ಪುಸ್ತಕ ಓದಬೇಕೆಂದಿರುವವರು ಅಲ್ಲಿಗೇ ನಿಲ್ಲಿಸಬಹುದು.